ಪ್ರತಿಯ ಪ್ರತಿಯ ಪ್ರತಿ: ಒಂದು ಭಯಾನಕ ಚಿತ್ರದ ಜೀರ್ಣೋದ್ಧಾರ

ನಿಮ್ಮ ಶಾಲೆಯ ಸಮೀಪದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಯಾರದಾದರೂ ಮುಖದ ಚಿತ್ರ ಅಚ್ಚಾಗಿರುವ ಪುಟವೊಂದರ ಪ್ರತಿ ತೆಗೆಸಿ. ಮೂಲವನ್ನು ಬದಿಗಿಟ್ಟು, ಆ ಪ್ರತಿಯ ಪ್ರತಿ ತೆಗೆಸಿ. ಅದರದ್ದೂ ಒಂದು ಪ್ರತಿ. ಹೀಗೆ ಏಳೆಂಟು ಸಲ ಆಗಲಿ. ಮೂಲಕ್ಕೂ ಮೊದಲ ಪ್ರತಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎಂಟನೆಯದರಲ್ಲಿ ಕೆನ್ನೆಯ ಮೇಲಿನ ನಸುನೆರಳು ಮಾಯವಾಗಿರುತ್ತದೆ. ಬೂದು ಬಣ್ಣವಿದ್ದ ಜಾಗ ಪೂರ್ತಿ ಕಪ್ಪು ಇಲ್ಲವೇ ಪೂರ್ತಿ ಬಿಳುಪು ಆಗಿರುತ್ತದೆ. ಯಂತ್ರದ ಗಾಜಿನ ಮೇಲಿದ್ದ ಒಂದೇ ದೂಳಿನ ಕಣ ಅಕ್ಕಪಕ್ಕದಲ್ಲಿ ಹಲವು ಚುಕ್ಕೆಗಳಾಗಿ ಕುಳಿತಿರುತ್ತದೆ. ಹಳೆಯ ಪ್ರಶ್ನೆಪತ್ರಿಕೆಯನ್ನೇ ವರ್ಷ ವರ್ಷವೂ ಪ್ರತಿ ಮಾಡಿಸುವ ಅಧ್ಯಾಪಕರಿಗೆ ಇದು ಹೊಸ ಸಂಗತಿಯಲ್ಲ. ಜೀವಕೋಶದ ಚಿತ್ರದಲ್ಲಿ ಕೋಶಕೇಂದ್ರ ಯಾವುದು, ಮಸಿಯ ಕಲೆ ಯಾವುದು ಎಂದು ವಿದ್ಯಾರ್ಥಿ ಕೇಳಿದಾಗ ನಾವು ಪೇಚಿಗೆ ಸಿಕ್ಕಿಕೊಂಡದ್ದುಂಟು.

1968ರಲ್ಲಿ ಅಮೆರಿಕದಲ್ಲಿ ತೆರೆಕಂಡ ಒಂದು ಚಲನಚಿತ್ರವನ್ನು ಬಹುಪಾಲು ಜನ ಹಲವು ದಶಕಗಳ ಕಾಲ ಆ ಎಂಟನೆಯ ಜೆರಾಕ್ಸಿನ ರೂಪದಲ್ಲೇ ನೋಡಿದರು. ಅದು ಹಾಗಾಗಲು ಒಂದು ಸಾಲು ಬರಹ ಬಿಟ್ಟುಹೋದದ್ದು ಕಾರಣ. ಅದರ ನಿಜವಾದ ಮುಖ ಜನರಿಗೆ ಚೆನ್ನಾಗಿ ಕಂಡದ್ದು 2016ರಲ್ಲಿ. ಈ ನಡುವಿನ ಕಥೆಯಲ್ಲಿ ಕಾನೂನು, ರಸಾಯನ, ದ್ಯುತಿವಿಜ್ಞಾನ ಮೂರೂ ಸೇರಿಕೊಂಡಿವೆ.

ಸುಪ್ತಬಿಂಬದ ಗೆಳೆಯರು

ಚಿತ್ರದ ಹೆಸರು ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಎದ್ದುಬಂದ ಹೆಣಗಳ ರಾತ್ರಿ ಎಂದು ಹೇಳಬಹುದು. ನಿರ್ದೇಶಕ ಜಾರ್ಜ್ ರೊಮೆರೊ ಅವರಿಗೆ ಆಗ 28 ವರ್ಷ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದಲ್ಲಿ ಗೆಳೆಯರೊಂದಿಗೆ ಜಾಹೀರಾತು ಚಿತ್ರಗಳನ್ನು ತೆಗೆಯುವ ಪುಟ್ಟ ಸಂಸ್ಥೆಯೊಂದನ್ನು ಅವರು ನಡೆಸುತ್ತಿದ್ದರು. ಅದರ ಹೆಸರು ‘ದಿ ಲೇಟೆಂಟ್ ಇಮೇಜ್’, ಎಂದರೆ ಸುಪ್ತಬಿಂಬ. ರಸಾಯನಶಾಸ್ತ್ರ ಕಲಿಸುವವರಿಗೆ ಈ ಪದ ಪರಿಚಿತ. ಫಿಲಂ ಮೇಲಿನ ಬೆಳ್ಳಿಯ ಹ್ಯಾಲೈಡ್ ಹರಳಿಗೆ ಬೆಳಕು ತಗುಲಿದಾಗ ಅದರಲ್ಲಿ ಕೆಲವೇ ಕೆಲವು ಬೆಳ್ಳಿ ಪರಮಾಣುಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಏನೂ ಕಾಣದು. ಆದರೆ ಡೆವಲಪರ್ ದ್ರಾವಣದಲ್ಲಿ ಅದ್ದಿದೊಡನೆ ಆ ಗುರುತಿರುವ ಹರಳು ಮಾತ್ರ ಪೂರ್ತಿಯಾಗಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ಕಾಣದ ಗುರುತು ಕೋಟಿಗಟ್ಟಲೆ ಪಟ್ಟು ದೊಡ್ಡದಾಗುತ್ತದೆ. ಕಾಣದಿದ್ದರೂ ಇರುವ ಆ ಚಿತ್ರವೇ ಸುಪ್ತಬಿಂಬ. ಈ ಸಂಸ್ಥೆಯ ಚಿತ್ರಕ್ಕೂ ಮುಂದೆ ಅದೇ ಗತಿ ಬಂದದ್ದು ಕಾಕತಾಳೀಯ.

ಹತ್ತು ಜನ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಕಂಪನಿ ಕಟ್ಟಿದರು. ಕೊನೆಗೆ ಆದ ಖರ್ಚು ಸುಮಾರು 1,14,000 ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು. ಚಿತ್ರೀಕರಣ 1967ರಲ್ಲಿ, ಇವಾನ್ಸ್ ಸಿಟಿ ಎಂಬ ಊರಿನ ಆಸುಪಾಸಿನಲ್ಲಿ, ಕೆಡವಲು ಬಿಟ್ಟಿದ್ದ ಒಂದು ತೋಟದಮನೆಯಲ್ಲಿ ನಡೆಯಿತು. ಬಳಸಿದ್ದು 35 ಮಿ.ಮೀ. ಕಪ್ಪು-ಬಿಳುಪು ಫಿಲಂ. ಬಣ್ಣದ ಗೊಡವೆ ಇಲ್ಲದ್ದರಿಂದ ರಕ್ತಕ್ಕೆ ಚಾಕೊಲೇಟ್ ಪಾಕ ಸಾಕಾಯಿತು.

ಕಥೆ ಸರಳ. ಸತ್ತವರು ಎದ್ದು ಬದುಕಿರುವವರನ್ನು ತಿನ್ನತೊಡಗುತ್ತಾರೆ. ಏಳು ಜನ ಒಂದು ಮನೆಯಲ್ಲಿ ಬಾಗಿಲು ಕಿಟಕಿಗೆ ಹಲಗೆ ಹೊಡೆದು ಕುಳಿತು, ಹೊರಗಿನವರ ಜೊತೆಗಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ‘ಜಾಂಬಿ’ ಚಿತ್ರಗಳ ಮೂಲ ಇದೇ ಆದರೂ ಆ ಪದ ಈ ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲ. ವಿಜ್ಞಾನದ ಎಳೆಯೊಂದು ಇದೆ: ಶುಕ್ರಗ್ರಹಕ್ಕೆ ಹೋಗಿ ಮರಳುತ್ತಿದ್ದ ನೌಕೆಯೊಂದು ವಿಚಿತ್ರ ವಿಕಿರಣವನ್ನು ಹೊತ್ತು ತರುತ್ತಿತ್ತು, ಅದನ್ನು ದಾರಿಯಲ್ಲೇ ನಾಶ ಮಾಡಲಾಯಿತು ಎಂದು ಟೆಲಿವಿಷನ್ ವಾರ್ತೆಯಲ್ಲಿ ಹೇಳುತ್ತಾರೆ. ಅದೇ ಕಾರಣ ಎಂದು ಒಬ್ಬ ವಿಜ್ಞಾನಿ, ಇನ್ನೂ ಖಚಿತವಿಲ್ಲ ಎಂದು ಸೇನಾಧಿಕಾರಿ ಕ್ಯಾಮೆರಾದ ಮುಂದೆಯೇ ವಾದಕ್ಕಿಳಿಯುತ್ತಾರೆ. ಚಿತ್ರೀಕರಣ ನಡೆದ ವರ್ಷದಲ್ಲೇ, 1967ರ ಅಕ್ಟೋಬರಿನಲ್ಲಿ, ರಷ್ಯದ ವೆನೆರಾ-4 ಮತ್ತು ಅಮೆರಿಕದ ಮ್ಯಾರಿನರ್-5 ಒಂದರ ಹಿಂದೆ ಒಂದು ಶುಕ್ರವನ್ನು ತಲುಪಿದ್ದವು. ಅಂದಿನ ಪ್ರೇಕ್ಷಕರಿಗೆ ಶುಕ್ರ ದಿನಪತ್ರಿಕೆಯ ಸುದ್ದಿ. ಅಂದಹಾಗೆ, ಇದು ಚಿಕ್ಕ ಮಕ್ಕಳಿಗೆ ತೋರಿಸುವ ಚಿತ್ರವಲ್ಲ, ಅಧ್ಯಾಪಕರು ಗಮನದಲ್ಲಿಡಿ.

ಬಿಟ್ಟುಹೋದ ಸಾಲು

ಅಮೆರಿಕದಲ್ಲಿ ಆಗ ಜಾರಿಯಲ್ಲಿದ್ದುದು 1909ರ ಕೃತಿಸ್ವಾಮ್ಯ ಕಾಯಿದೆ. ಅದರ ಪ್ರಕಾರ ಪ್ರಕಟವಾದ ಪ್ರತಿಗಳ ಮೇಲೆ ಹಕ್ಕಿನ ಸೂಚನೆ, ಎಂದರೆ ಕಾಪಿರೈಟ್ ಗುರುತು, ವರ್ಷ, ಒಡೆಯರ ಹೆಸರು, ಅಚ್ಚಾಗಿರಲೇಬೇಕು. ಇಲ್ಲವಾದರೆ ಹಕ್ಕು ಹೋಯಿತು. ತಯಾರಕರು ಚಿತ್ರಕ್ಕೆ ಮೊದಲು ಇಟ್ಟ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಸೂಚನೆಯ ಸಾಲು ಆ ಶೀರ್ಷಿಕೆ ಇದ್ದ ಫ್ರೇಮುಗಳಲ್ಲೇ ಇತ್ತು. ನ್ಯೂಯಾರ್ಕಿನ ವಿತರಕರಾದ ವಾಲ್ಟರ್ ರೀಡ್ ಸಂಸ್ಥೆ ಹೆಸರನ್ನು ಬದಲಾಯಿಸಿ ಹೊಸ ಶೀರ್ಷಿಕೆ ಹಾಕಿತು. ಹಳೆಯ ಶೀರ್ಷಿಕೆಯೊಂದಿಗೆ ಆ ಸಾಲೂ ಹೋಯಿತು. ಹೊಸದರಲ್ಲಿ ಅದನ್ನು ಸೇರಿಸಲು ಮರೆತರು. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ ಹೀಗೆ ಹುಟ್ಟುತ್ತಲೇ ಸಾರ್ವಜನಿಕ ಸ್ವತ್ತಾಯಿತು. ಸೂಚನೆ ಇಲ್ಲದಿದ್ದರೂ ಹಕ್ಕು ಉಳಿಯುತ್ತದೆ ಎಂದು ಅಮೆರಿಕದ ಕಾನೂನು ಪೂರ್ತಿಯಾಗಿ ಬದಲಾದದ್ದು 1989ರಲ್ಲಿ. ಅಷ್ಟರಲ್ಲಿ ಈ ಚಿತ್ರದ ಮಟ್ಟಿಗೆ ಕಾಲ ಮಿಂಚಿತ್ತು.

ಸಾರ್ವಜನಿಕ ಸ್ವತ್ತಾಗುವುದು ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಒಂದು ಅರ್ಥದಲ್ಲಿ ಹೌದು. ಯಾರಿಗೂ ಹಣ ಕೊಡಬೇಕಿಲ್ಲವಾದ್ದರಿಂದ ಟೆಲಿವಿಷನ್ ನಿಲಯಗಳು ಅದನ್ನು ಮತ್ತೆ ಮತ್ತೆ ತೋರಿಸಿದವು, ಕ್ಯಾಸೆಟ್ ಕಂಪನಿಗಳು ನಾ ಮುಂದು ತಾ ಮುಂದು ಎಂದು ಮಾರಿದವು. ಚಿತ್ರ ಮನೆಮಾತಾದದ್ದು ಹೀಗೆಯೇ. ಆದರೆ ಊರ ಕೆರೆಯ ನೀರನ್ನು ಎಲ್ಲರೂ ತುಂಬಿಕೊಳ್ಳುತ್ತಾರೆ, ಹೂಳೆತ್ತಲು ಯಾರೂ ಬರುವುದಿಲ್ಲ. ಕಾನೂನು ಬಿಟ್ಟುಕೊಟ್ಟದ್ದು ನಕಲು ಮಾಡುವ ಸ್ವಾತಂತ್ರ್ಯವನ್ನು ಮಾತ್ರ. ಮೂಲ ನೆಗೆಟಿವ್ ಎಂಬ ವಸ್ತು, ಆ ಸೆಲ್ಯುಲೋಸ್ ಸುರುಳಿಗಳು, ತಯಾರಕರ ಬಳಿಯೇ ಇದ್ದವು. ಕ್ಯಾಸೆಟ್ ಮಾರುವವರು ಅಲ್ಲಿಗೆ ಹೋಗಿ ಕೇಳುವ ಅಗತ್ಯವೇ ಇರಲಿಲ್ಲ. ಎಲ್ಲೋ ಸಿಕ್ಕಿದ ಸವೆದ ಪ್ರಿಂಟ್ ಒಂದಿದ್ದರೆ ಸಾಕು. ಅದೂ ಸಿಗದವರು ಇನ್ನೊಬ್ಬರ ಕ್ಯಾಸೆಟ್ಟಿನಿಂದಲೇ ನಕಲು ಮಾಡಿದರು.

ನಕಲಿನ ಗಣಿತ

ಈಗ ಜೆರಾಕ್ಸ್ ಅಂಗಡಿಯ ಪ್ರಯೋಗಕ್ಕೆ ಮರಳೋಣ. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ಒಂದೇ. ಚಿತ್ರಮಂದಿರಕ್ಕೆ ಅದನ್ನು ಕಳಿಸುವುದಿಲ್ಲ. ಅದರಿಂದ ಒಂದು ಮಾಸ್ಟರ್ ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಪ್ರದರ್ಶನದ ಪ್ರಿಂಟ್. ಟೆಲಿವಿಷನ್‌ಗಾಗಿ ಆ ಪ್ರಿಂಟಿನಿಂದಲೇ 16 ಮಿ.ಮೀ. ನೆಗೆಟಿವ್, ಅದರಿಂದ 16 ಮಿ.ಮೀ. ಪ್ರಿಂಟ್, ಅದರಿಂದ ವಿಡಿಯೊ ಟೇಪ್ ಮಾಡಿದರೆ ಒಟ್ಟು ಆರು ಹಂತ. ಪ್ರತಿ ಹಂತದಲ್ಲೂ ಸೂಕ್ಷ್ಮ ವಿವರಗಳ ಸ್ಫುಟತೆ ಶೇ. 80ರಷ್ಟು ಉಳಿಯುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಒಂದು ಹಂತದಲ್ಲಿ ಇದು ದೊಡ್ಡ ನಷ್ಟವಲ್ಲ. ಆದರೆ ಈ ನಷ್ಟಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. 0.8ನ್ನು ಆರು ಸಲ ಗುಣಿಸಿದರೆ ಸುಮಾರು 0.26. ನಾಲ್ಕರಲ್ಲಿ ಮೂರು ಪಾಲು ಸ್ಫುಟತೆ ಹೋಯಿತು!

ಕಾಂಟ್ರಾಸ್ಟ್‌ನದು ಇದಕ್ಕೆ ವಿರುದ್ಧದ ಕಥೆ. ಮೂಲದಲ್ಲಿನ ಬೆಳಕಿನ ವ್ಯತ್ಯಾಸವನ್ನು ಫಿಲಂ ಎಷ್ಟು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ ಎಂಬುದನ್ನು ಗ್ಯಾಮಾ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಕ್ಯಾಮೆರಾ ನೆಗೆಟಿವಿನದು ಸುಮಾರು 0.65, ಪ್ರಿಂಟಿನದು ಎರಡಕ್ಕಿಂತ ಹೆಚ್ಚು. ಎರಡನ್ನೂ ಗುಣಿಸಿದರೆ ಬರುವ ಸುಮಾರು 1.5 ಕತ್ತಲ ಚಿತ್ರಮಂದಿರಕ್ಕೆ ಹದವಾದುದು. ನಡುವಿನ ನಕಲುಗಳಿಗೆಂದೇ ತಯಾರಾದ ಫಿಲಂಗಳಲ್ಲಿ ಗುಣಲಬ್ಧ 1 ಬರುವಂತೆ ನೋಡಿಕೊಳ್ಳುತ್ತಾರೆ, ಆಗ ಕಾಂಟ್ರಾಸ್ಟ್ ಏರುವುದಿಲ್ಲ. ಆದರೆ ಪ್ರದರ್ಶನದ ಪ್ರಿಂಟನ್ನೇ ಮೂಲವೆಂದುಕೊಂಡು ಸಾಮಾನ್ಯ ಫಿಲಂನಲ್ಲಿ ನಕಲು ತೆಗೆದರೆ 1.5 ಹೋಗಿ 2.25 ಆಗುತ್ತದೆ, ಇನ್ನೊಮ್ಮೆ ತೆಗೆದರೆ 3.4ರ ಹತ್ತಿರ. ನೆರಳಿನೊಳಗಿನದೆಲ್ಲ ಮಸಿ, ಬೆಳಕಿನಲ್ಲಿದ್ದುದೆಲ್ಲ ಸುಣ್ಣ. ಬಹುಪಾಲು ರಾತ್ರಿಯಲ್ಲೇ ನಡೆಯುವ ಕಥೆಗೆ ಇದು ಎಂಥ ಪೆಟ್ಟು ಎಂದು ಊಹಿಸಿಕೊಳ್ಳಿ. ಕಿಟಕಿಯಾಚೆ ಕತ್ತಲಲ್ಲಿ ನಿಂತವರು ಕಾಣಿಸದಿದ್ದರೆ ಭಯವೆಲ್ಲಿ?

ಕೊನೆಯ ಪೆಟ್ಟು ಟೇಪಿನದು. 1976ರಲ್ಲಿ ಜಪಾನಿನಲ್ಲಿ ಬಂದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ಬಿಡಿಸಿ ಕಾಣುವ ವಿವರ ಸುಮಾರು 240 ಗೆರೆಗಳಷ್ಟೇ. ಜೊತೆಗೆ ಫಿಲಂ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಮೆರಿಕದ ಟೆಲಿವಿಷನ್ ಸುಮಾರು 30. ಹೊಂದಿಸಲು ಕೆಲವು ಫ್ರೇಮುಗಳ ಭಾಗಗಳನ್ನು ಎರಡೆರಡು ಸಲ ತೋರಿಸಬೇಕು. ಕ್ಯಾಮೆರಾ ನಿಧಾನ ತಿರುಗಿದಾಗ ಚಿತ್ರ ಕುಂಟುತ್ತದೆ. ನಮ್ಮ ದೇಶ ಅನುಸರಿಸಿದ್ದ ಪಾಲ್ ಪದ್ಧತಿಯಲ್ಲಿ 25 ಫ್ರೇಮ್. ಅಲ್ಲಿ ಇಡೀ ಚಿತ್ರವನ್ನೇ ಶೇ. 4ರಷ್ಟು ಬೇಗ ಓಡಿಸಿಬಿಡುತ್ತಿದ್ದರು. 96 ನಿಮಿಷದ ಚಿತ್ರ 92 ನಿಮಿಷದಲ್ಲಿ ಮುಗಿಯುತ್ತದೆ, ದನಿಗಳ ಶ್ರುತಿಯೂ ತುಸು ಏರುತ್ತದೆ.

1986ರಲ್ಲಿ ಹಾಲ್ ರೋಚ್ ಸ್ಟುಡಿಯೋಸ್ ಇದಕ್ಕೆ ಕಂಪ್ಯೂಟರ್ ಮೂಲಕ ಬಣ್ಣ ಹಚ್ಚಿ ಹೆಣಗಳನ್ನೆಲ್ಲ ಹಸಿರಾಗಿಸಿತು. ಹಳೆಯ ದೇವಾಲಯದ ಶಿಲ್ಪಗಳಿಗೆ ಎಣ್ಣೆಬಣ್ಣ ಬಳಿದು ಅದನ್ನೇ ಜೀರ್ಣೋದ್ಧಾರ ಎನ್ನುವವರನ್ನು ನಾವೂ ಕಂಡಿದ್ದೇವೆ. ಅದರ ಬಗ್ಗೆ ಇಷ್ಟು ಸಾಕು.

ಮೂಲದ ಬಳಿಗೆ

ಈ ಚಿತ್ರದ ಅದೃಷ್ಟವೆಂದರೆ ಹಕ್ಕು ಕಳೆದುಕೊಂಡವರು ನೆಗೆಟಿವನ್ನು ಕಳೆದುಕೊಂಡಿರಲಿಲ್ಲ. ಇದು ಸಣ್ಣ ವಿಷಯವಲ್ಲ. 1960ರ ದಶಕದ ಫಿಲಂಗಳ ಆಧಾರಪಟ್ಟಿ ಸೆಲ್ಯುಲೋಸ್ ಟ್ರೈಅಸಿಟೇಟ್. ಬಿಸಿ ಮತ್ತು ತೇವ ಸೇರಿದರೆ ಅದು ಜಲವಿಭಜನೆಗೊಂಡು ಅಸಿಟಿಕ್ ಆಮ್ಲ ಬಿಡುಗಡೆ ಮಾಡುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ. ಹೀಗೆ ಹುಟ್ಟಿದ ಆಮ್ಲವೇ ಮುಂದಿನ ವಿಭಜನೆಗೆ ಕ್ರಿಯಾವರ್ಧಕವಾಗುವುದರಿಂದ ಒಮ್ಮೆ ಶುರುವಾದ ಕೇಡು ತಾನಾಗಿ ವೇಗ ಪಡೆಯುತ್ತದೆ. ಫಿಲಂ ಕುಗ್ಗಿ, ಮುರುಟಿ, ಸುಲಿದುಹೋಗುತ್ತದೆ. ಈ ‘ವಿನಿಗರ್ ರೋಗ’ದ ಮೊದಲ ವರದಿ ಕೊಡಾಕ್ ಕಂಪನಿಗೆ ಹೋದದ್ದು 1950ರ ದಶಕದಲ್ಲಿ, ಭಾರತ ಸರ್ಕಾರದಿಂದ. ನಮ್ಮ ಸೆಕೆಯಲ್ಲಿ ಇಟ್ಟಿದ್ದ ಫಿಲಂಗಳು ಎಲ್ಲರಿಗಿಂತ ಮೊದಲು ಕೆಟ್ಟಿದ್ದವು.

ಮೂಲದಿಂದ ತೆಗೆದ ಉತ್ತಮ ಲೇಸರ್ ಡಿಸ್ಕ್ ಒಂದು 1990ರ ದಶಕದಲ್ಲೇ ಬಂದಿತ್ತು, ಆದರೆ ಅದನ್ನು ನೋಡುವ ಯಂತ್ರ ಎಷ್ಟು ಮನೆಗಳಲ್ಲಿ ಇದ್ದೀತು? 1999ರಲ್ಲಿ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಪೂರ್ಣ ಪ್ರಮಾಣದ ಜೀರ್ಣೋದ್ಧಾರ ನಡೆಸಿದವರು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಮಾರ್ಟಿನ್ ಸ್ಕಾರ್ಸೇಸಿ 1990ರಲ್ಲಿ ಸ್ಥಾಪಿಸಿದ ಫಿಲಂ ಫೌಂಡೇಶನ್. ಹಣ ಕೊಟ್ಟವರಲ್ಲಿ ಜಾರ್ಜ್ ಲೂಕಾಸ್ ಕುಟುಂಬದ ಪ್ರತಿಷ್ಠಾನವೂ ಒಂದು. ರೊಮೆರೊ, ಸಹಲೇಖಕ ಜಾನ್ ರುಸೊ, ನಿರ್ಮಾಪಕ ರಸೆಲ್ ಸ್ಟ್ರೈನರ್, ಧ್ವನಿ ನೋಡಿಕೊಂಡಿದ್ದ ಗ್ಯಾರಿ ಸ್ಟ್ರೈನರ್ ತಾವೇ ಮೇಲ್ವಿಚಾರಣೆಗೆ ನಿಂತರು. ಅರ್ಧ ಶತಮಾನದ ಹಿಂದೆ ತಾವು ಬೆಳಗಿಸಿದ ದೃಶ್ಯ ಎಷ್ಟು ಕಪ್ಪಾಗಿರಬೇಕು ಎಂದು ಹೇಳಬಲ್ಲವರು ಇನ್ನೂ ಬದುಕಿದ್ದರು. 2016ರ ನವೆಂಬರಿನಲ್ಲಿ ಅದೇ ಸಂಗ್ರಹಾಲಯದಲ್ಲಿ ಹೊಸ ರೂಪದ ಪ್ರದರ್ಶನವಾಯಿತು. 2017ರ ಜುಲೈನಲ್ಲಿ ರೊಮೆರೊ ತೀರಿಕೊಂಡರು.

ಕೆಲಸದ ಗಾತ್ರ ನೋಡಿ. 96 ನಿಮಿಷ ಎಂದರೆ 1,38,240 ಫ್ರೇಮುಗಳು. ಅಡಿಗೆ 16 ಫ್ರೇಮಿನಂತೆ 8,640 ಅಡಿ, ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದ. ಇದನ್ನು ‘4ಕೆ’ ಮಟ್ಟದಲ್ಲಿ, ಅಂದರೆ ಅಡ್ಡಲಾಗಿ ಸುಮಾರು ನಾಲ್ಕು ಸಾವಿರ ಬಿಂದುಗಳಂತೆ, ಒಂದೊಂದೇ ಫ್ರೇಮಾಗಿ ಸ್ಕ್ಯಾನ್ ಮಾಡಬೇಕು. ಫ್ರೇಮಿಗೆ 50 ಮೆಗಾಬೈಟ್ ಎಂದು ಹಿಡಿದರೂ ಒಟ್ಟು ಸುಮಾರು 7 ಟೆರಾಬೈಟ್.

ಗೀರುಗಳನ್ನು ಏನು ಮಾಡುವುದು? ಇಂಥ ಕೆಲಸಗಳಲ್ಲಿ ಬಳಕೆಯಲ್ಲಿರುವ ಒಂದು ಉಪಾಯ ನಿಮ್ಮ ತರಗತಿಗೆ ಹೇಳಿ ಮಾಡಿಸಿದಂತಿದೆ. ಬೋಂಡಾ ಕಟ್ಟಿಕೊಟ್ಟ ಕಾಗದದ ಮೇಲೆ ಎಣ್ಣೆ ಹತ್ತಿದ ಜಾಗದಲ್ಲಿ ಬೆಳಕು ಹಾಯುವುದನ್ನು ನೋಡಿದ್ದೀರಿ. ಕಾಗದದ ನಾರುಗಳ ನಡುವೆ ಗಾಳಿ ಇದ್ದಾಗ ಬೆಳಕು ಅಡ್ಡಾದಿಡ್ಡಿ ಚೆದರುತ್ತದೆ. ಆ ಜಾಗವನ್ನು ನಾರಿನ ಹತ್ತಿರದ ವಕ್ರೀಭವನ ಸೂಚ್ಯಂಕವಿರುವ ಎಣ್ಣೆ ತುಂಬಿದಾಗ ಚೆದರಿಕೆ ಕಡಿಮೆಯಾಗುತ್ತದೆ. ಫಿಲಂ ಮೇಲಿನ ಗೀರೂ ಹಾಗೆಯೇ, ಬೆಳಕನ್ನು ಚೆದರಿಸುವ ಪುಟ್ಟ ಕಣಿವೆ. ಸ್ಕ್ಯಾನ್ ಮಾಡುವ ಕ್ಷಣದಲ್ಲಿ ಫಿಲಂ ಪರ್‌ಕ್ಲೋರೊಎಥಿಲೀನ್ ದ್ರವದೊಳಗೆ ಮುಳುಗಿರುವಂತೆ ಮಾಡುತ್ತಾರೆ. ಬಟ್ಟೆಯ ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವವೇ ಅದು. ಅದರ ಸೂಚ್ಯಂಕ, ಟ್ರೈಅಸಿಟೇಟಿನದು, ಎರಡೂ 1.5ರ ಆಸುಪಾಸು. ಕಣಿವೆ ತುಂಬಿತು, ಗೀರು ಕಾಣೆಯಾಯಿತು. ಆದರೆ ಗೀರು ಬೆಳ್ಳಿಯ ಪದರವನ್ನೇ ಕಿತ್ತುಕೊಂಡು ಹೋಗಿದ್ದರೆ ಯಾವ ದ್ರವವೂ ಅದನ್ನು ತಂದುಕೊಡಲಾರದು.

ದೂಳಿನದು ಪತ್ತೇದಾರಿ ಕೆಲಸ. ನೆಗೆಟಿವ್ ಮೇಲೆ ಕುಳಿತ ದೂಳು ಬೆಳಕನ್ನು ತಡೆಯುವುದರಿಂದ ಪ್ರಿಂಟಿನಲ್ಲಿ ಬಿಳಿಯ ಚುಕ್ಕೆಯಾಗಿ ಬರುತ್ತದೆ. ಪ್ರಿಂಟಿನ ಮೇಲೆಯೇ ಕುಳಿತದ್ದು ಕಪ್ಪು ಚುಕ್ಕೆ. ಅನುಭವಿಗಳು ಚುಕ್ಕೆಯ ಬಣ್ಣ ನೋಡಿ ಕೊಳೆ ಯಾವ ಪೀಳಿಗೆಯಲ್ಲಿ ಸೇರಿಕೊಂಡಿತು ಎಂದು ಹೇಳಬಲ್ಲರು. ಹಲವು ಪೀಳಿಗೆಯ ಟೇಪಿನಲ್ಲಿ ಎರಡೂ ಬೆರೆತಿರುತ್ತವೆ. ಮೂಲ ನೆಗೆಟಿವಿಗೆ ಹೋದರೆ ನಂತರದ ಪೀಳಿಗೆಗಳ ಕೊಳೆಯೆಲ್ಲ ಒಂದೇ ಏಟಿಗೆ ಇಲ್ಲವಾಗುತ್ತದೆ. ಉಳಿದದ್ದನ್ನು ಕಂಪ್ಯೂಟರ್ ಹುಡುಕುತ್ತದೆ. ದೂಳಿನ ಚುಕ್ಕೆ ಒಂದು ಫ್ರೇಮಿನಲ್ಲಿ ಇದ್ದು ಹಿಂದಿನ ಹಾಗೂ ಮುಂದಿನ ಫ್ರೇಮುಗಳಲ್ಲಿ ಇರುವುದಿಲ್ಲ, ಅದೇ ಸುಳಿವು. ಆದರೆ ಉರಿಯಿಂದ ಸಿಡಿಯುವ ಕಿಡಿಯೂ ಒಂದೇ ಫ್ರೇಮಿನಲ್ಲಿ ಮಿಂಚಿ ಮಾಯವಾಗಬಹುದು! ಪಂಜು, ಬೆಂಕಿಬಾಟಲಿಗಳು ತುಂಬಿರುವ ಈ ಚಿತ್ರದಲ್ಲಿ ಯಾವುದು ಕೊಳೆ, ಯಾವುದು ಕಿಡಿ ಎಂದು ಕೊನೆಗೆ ಮನುಷ್ಯರೇ ಕುಳಿತು ನೋಡಬೇಕು.

ಮನೆಯ ಪರದೆಗೆ

ಹೊಸ ರೂಪ 2018ರ ಫೆಬ್ರುವರಿಯಲ್ಲಿ ಕ್ರೈಟೀರಿಯನ್ ಸಂಸ್ಥೆಯ ಬ್ಲೂ-ರೇ ಡಿಸ್ಕ್ ಆಗಿ ಬಂತು. 2022ರಲ್ಲಿ 4ಕೆ ಡಿಸ್ಕ್ ಬಂತು. ಇಲ್ಲಿ ಬೇರೆಯೇ ತೊಡಕು. ಬ್ಲೂ-ರೇ ಡಿಸ್ಕಿನ ಎರಡು ಪದರಗಳಲ್ಲಿ ಸೇರಿ 50 ಗಿಗಾಬೈಟ್ ಹಿಡಿಸುತ್ತದೆ. ಟೆರಾಬೈಟುಗಳ ಮೂಲವನ್ನು ಅದಕ್ಕೆ ತುಂಬಲು ಬಿಂದುಗಳ ಸಂಖ್ಯೆಯನ್ನು ಇಳಿಸಬೇಕು, ಆಮೇಲೆ ಬಿಗಿಯಾಗಿ ಅಡಕ ಮಾಡಬೇಕು. ಅಡಕ ಮಾಡುವ ವಿಧಾನ ನಿಂತಿರುವುದು ಪುನರಾವರ್ತನೆಯ ಮೇಲೆ: ಹಿಂದಿನ ಫ್ರೇಮಿನ ಗೋಡೆಯೇ ಈ ಫ್ರೇಮಿನಲ್ಲೂ ಇದ್ದರೆ ಅದನ್ನು ಮತ್ತೆ ಬರೆಯಬೇಕಿಲ್ಲ. ಆದರೆ ಫಿಲಂನ ಬೆಳ್ಳಿಕಣಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಜಾಗದಲ್ಲಿ ಚದರಿರುತ್ತವೆ. ಪುನರಾವರ್ತನೆಯೇ ಇಲ್ಲ. ಹೀಗಾಗಿ ಕಣಗಳನ್ನು ಒರೆಸಿಬಿಟ್ಟರೆ ಅಡಕ ಸುಲಭ, ಚಿತ್ರವೂ ಮೇಲ್ನೋಟಕ್ಕೆ ನುಣುಪು. ಹಳೆಯ ಚಿತ್ರಗಳ ಎಷ್ಟೋ ಡಿಸ್ಕುಗಳಲ್ಲಿ ಹೀಗೆಯೇ ಮಾಡಿದರು; ನಟರ ಮುಖಗಳು ಮೇಣದ ಬೊಂಬೆಗಳಂತಾದವು. ನನ್ನ ಮಟ್ಟಿಗೆ ಇದು ಹಸಿರು ಬಳಿದುದಕ್ಕಿಂತ ಕೆಟ್ಟದ್ದು. ಹಸಿರು ಕಂಡರೆ ಮೋಸ ಗೊತ್ತಾಗುತ್ತದೆ, ನುಣುಪನ್ನು ನಾವು ಶುದ್ಧತೆ ಎಂದು ನಂಬಿಬಿಡುತ್ತೇವೆ. ಕಣಗಳು ಚಿತ್ರದ ಮೇಲೆ ಕುಳಿತ ಕೊಳೆಯಲ್ಲ. ಚಿತ್ರ ಆಗಿರುವುದೇ ಅವುಗಳಿಂದ.

ಈ ಡಿಸ್ಕಿನಲ್ಲಿ ಕಣಗಳನ್ನು ಉಳಿಸಿದ್ದಾರೆ. ಅಗಲದ ಟೆಲಿವಿಷನ್ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿಯೂ ಇಲ್ಲ, 1.37ಕ್ಕೆ 1ರ ಮೂಲ ಆಕಾರವೇ ಇದೆ, ಎಡಬಲಗಳಲ್ಲಿ ಕಪ್ಪು ಪಟ್ಟಿ ಬಿಟ್ಟಿದ್ದಾರೆ.

ನಿಮಗೆ ಅವಕಾಶವಾದರೆ ಹಳೆಯ ಪ್ರತಿಯೊಂದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಕೊನೆಯ ನಿಮಿಷಗಳನ್ನು ಮಾತ್ರ ಹೋಲಿಸಿ. ರಾತ್ರಿಯೆಲ್ಲ ಹೋರಾಡಿ ಬದುಕುಳಿದ ಬೆನ್ ಎಂಬ ಕಪ್ಪು ಜನಾಂಗದ ನಾಯಕ ಬೆಳಗಾದಾಗ ರಕ್ಷಣೆಗೆಂದು ಬಂದವರ ಗುಂಡಿಗೇ ಬಲಿಯಾಗುತ್ತಾನೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ತೆರೆಕಂಡ ಚಿತ್ರ ಇದು ಎಂಬುದನ್ನು ನೆನಪಿಡಿ. ಗುಂಡು ಹಾರಿದ ಮೇಲೆ ಚಲನೆ ನಿಲ್ಲುತ್ತದೆ. ಕೊಂಡಿ ಹಿಡಿದ ಕೈಗಳು, ಎಳೆದೊಯ್ಯುವ ದೇಹ, ಸೌದೆಯ ರಾಶಿ ಇವೆಲ್ಲ ದಿನಪತ್ರಿಕೆಯ ಫೋಟೊಗಳಂತೆ ಒರಟಾದ ಸ್ಥಿರಚಿತ್ರಗಳಾಗಿ ಒಂದಾದ ಮೇಲೊಂದು ಬರುತ್ತವೆ. ಆ ಒರಟು ಬೇಕೆಂದೇ ಮಾಡಿದ್ದು. ಹೊಸ ಪ್ರತಿಯಲ್ಲಿ ಅಲ್ಲಿಯವರೆಗಿನ ದೃಶ್ಯಗಳು ಸ್ಫುಟವಾಗಿರುವುದರಿಂದ ಈ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಹಳೆಯ ಟೇಪುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಇಡೀ ಚಿತ್ರವೇ ಹಾಗಿದ್ದುದರಿಂದ ಅದು ಗಮನಕ್ಕೇ ಬರುತ್ತಿರಲಿಲ್ಲ.